15 ಸುತ್ತು 12 ಆದದ್ದೇಕೆ? ವೃತ್ತಿಪರ ಬಾಕ್ಸಿಂಗ್ ಪಂದ್ಯದ ಅವಧಿಯ ಹಿನ್ನೆಲೆ

1941ರ ಜೂನ್ 18ರ ರಾತ್ರಿ ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್‌ನಲ್ಲಿ ಹೆವಿವೇಟ್ ಚಾಂಪಿಯನ್ ಜೋ ಲೂಯಿಸ್ ಎದುರು ಬಿಲ್ಲಿ ಕಾನ್ ಕಣಕ್ಕಿಳಿದಿದ್ದರು. 12 ಸುತ್ತು ಮುಗಿದಾಗ ಅಂಕ ಬರೆಯುತ್ತಿದ್ದ ಮೂವರಲ್ಲಿ ಇಬ್ಬರ ಚೀಟಿಯಲ್ಲಿ ಕಾನ್ ಮುಂದಿದ್ದರು, ಮೂರನೆಯವರದು ಸಮಬಲ. 13ನೇ ಸುತ್ತು ಮುಗಿಯಲು ಎರಡೇ ಸೆಕೆಂಡ್ ಉಳಿದಿದ್ದಾಗ ಲೂಯಿಸ್ ಹೊಡೆತಕ್ಕೆ ಕಾನ್ ನಾಕೌಟ್ ಆದರು. ಇವತ್ತಿನ 12 ಸುತ್ತಿನ ನಿಯಮ ಅಂದು ಇದ್ದಿದ್ದರೆ ಆ ಸುತ್ತೇ ಇರುತ್ತಿರಲಿಲ್ಲ, ಪಟ್ಟ ಕಾನ್ ಪಾಲಾಗುತ್ತಿತ್ತು.

1982ರ ನವೆಂಬರ್ 13ರಂದು ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್‌ನಲ್ಲಿ ಅಮೆರಿಕದ ರೇ ಮನ್ಸೀನಿ ಎದುರು ದಕ್ಷಿಣ ಕೊರಿಯಾದ ಕಿಮ್ ಡುಕ್ ಕೂ 13 ಸುತ್ತು ಹೆಚ್ಚುಕಡಿಮೆ ಸರಿಸಾಟಿಯಾಗಿ ಹೋರಾಡಿದರು. 14ನೇ ಸುತ್ತು ಶುರುವಾಗಿ 19 ಸೆಕೆಂಡಿಗೆ ರೆಫರಿ ರಿಚರ್ಡ್ ಗ್ರೀನ್ ಪಂದ್ಯ ನಿಲ್ಲಿಸಬೇಕಾಯಿತು. ಕಿಮ್ ಅವರ ತಲೆಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ಶಸ್ತ್ರಚಿಕಿತ್ಸೆ ನಡೆಯಿತು, ಪ್ರಜ್ಞೆ ಮರಳಲಿಲ್ಲ, ಕೆಲವೇ ದಿನಗಳಲ್ಲಿ ತೀರಿಕೊಂಡರು.

13, 14, 15 ಎಂಬ ಮೂರು ಸುತ್ತುಗಳ ಬಗ್ಗೆ ಬಾಕ್ಸಿಂಗ್ ಬಲ್ಲವರು ಇಂದಿಗೂ ಜಗಳವಾಡುವುದು ಈ ಎರಡು ರಾತ್ರಿಗಳನ್ನು ಎದುರುಬದುರು ಇಟ್ಟುಕೊಂಡೇ. ಆದರೆ 15 ಎಂಬ ಸಂಖ್ಯೆಯಾದರೂ ಎಲ್ಲಿಂದ ಬಂತು?

ಮೊದಲಿಗೆ 'ಸುತ್ತು' ಅಂದರೆ ಕಾಲದ ಅಳತೆಯೇ ಆಗಿರಲಿಲ್ಲ. ಇಂಗ್ಲೆಂಡಿನಲ್ಲಿ 1743ರ ಬ್ರಾಟನ್ ನಿಯಮಗಳಲ್ಲೂ 1838ರ ಲಂಡನ್ ಪ್ರೈಜ್ ರಿಂಗ್ ನಿಯಮಗಳಲ್ಲೂ ಒಬ್ಬ ನೆಲಕ್ಕೆ ಬಿದ್ದರೆ ಒಂದು ಸುತ್ತು ಮುಗಿಯಿತು. ಬಿದ್ದವನಿಗೆ ಅರ್ಧ ನಿಮಿಷ ಬಿಡುವು. ಲಂಡನ್ ನಿಯಮದಲ್ಲಿ ಅದರ ಮೇಲೆ ಇನ್ನೂ ಎಂಟು ಸೆಕೆಂಡ್ ಸಿಗುತ್ತಿತ್ತು, ಅಷ್ಟರೊಳಗೆ ಅವನು ತಾನೇ ನಡೆದು ನಡುಗೆರೆಗೆ ಬಂದು ನಿಲ್ಲಬೇಕು. ಬಾರದಿದ್ದರೆ ಸೋತ. ಸುತ್ತು ಹತ್ತು ಸೆಕೆಂಡಿನದೂ ಆಗಬಹುದು, ಹತ್ತು ನಿಮಿಷದ್ದೂ ಆಗಬಹುದು. ಹಾಗಾಗಿ ಹಳೆಯ ಪಂದ್ಯಗಳ ಸುತ್ತಿನ ಲೆಕ್ಕವನ್ನು ಇಂದಿನದರ ಜೊತೆ ತೂಗುವುದು ತಪ್ಪು. ಬರಿಗೈ ಕಾಲದ ಕೊನೆಯ ಹೆವಿವೇಟ್ ಪಟ್ಟದ ಪಂದ್ಯ, 1889ರ ಜುಲೈ 8ರಂದು ಮಿಸಿಸಿಪ್ಪಿಯ ರಿಚ್‌ಬರ್ಗ್‌ನಲ್ಲಿ ನಡೆದ ಜಾನ್ ಎಲ್. ಸಲಿವನ್ ಮತ್ತು ಜೇಕ್ ಕಿಲ್ರೇನ್ ಕಾದಾಟ, 75 ಸುತ್ತು ಹೋಯಿತು. ಒಟ್ಟು ಹಿಡಿದದ್ದು 2 ಗಂಟೆ 16 ನಿಮಿಷ. ಬಿಡುವೂ ಸೇರಿ ಸುತ್ತಿಗೆ ಎರಡು ನಿಮಿಷವೂ ಬೀಳಲಿಲ್ಲ. ಬರಿಗೈ ಕಾದಾಟಗಳಲ್ಲಿ ಎಲ್ಲಕ್ಕಿಂತ ಉದ್ದದ್ದೆಂದು ದಾಖಲಾಗಿರುವುದು 1855ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ನಡೆದದ್ದು: 6 ಗಂಟೆ 15 ನಿಮಿಷ.

1867ರ ಕ್ವೀನ್ಸ್‌ಬೆರಿ ನಿಯಮಗಳು ಗಡಿಯಾರವನ್ನು ತಂದವು. ಮೂರು ನಿಮಿಷದ ಸುತ್ತು, ಒಂದು ನಿಮಿಷದ ವಿಶ್ರಾಂತಿ, ಬಿದ್ದವನಿಗೆ ಏಳಲು ಹತ್ತು ಸೆಕೆಂಡ್, ಕೈಗೆ ಗ್ಲೌಸ್. ಒಂದನ್ನು ಮಾತ್ರ ಅವು ಹೇಳದೆ ಬಿಟ್ಟವು: ಇಂಥ ಸುತ್ತುಗಳು ಎಷ್ಟು? ಅದರ ಫಲ 1893ರ ಏಪ್ರಿಲ್ 6ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಕಂಡಿತು. ಆಂಡಿ ಬೋವೆನ್ ಮತ್ತು ಜ್ಯಾಕ್ ಬರ್ಕ್ ಎಂಬ ಲೈಟ್‌ವೇಟ್‌ಗಳು 110 ಸುತ್ತು ಗುದ್ದಾಡಿದರು. ಲೆಕ್ಕ ಹಾಕಿ ನೋಡಿ: 110 ಸುತ್ತಿಗೆ 330 ನಿಮಿಷ, ನಡುವಿನ 109 ಬಿಡುವಿಗೆ 109 ನಿಮಿಷ, ಒಟ್ಟು 439, ಅಂದರೆ 7 ಗಂಟೆ 19 ನಿಮಿಷ. ದಾಖಲೆಯಲ್ಲಿರುವ ಅವಧಿಯೂ ಅದೇ. ಕೊನೆಗೆ ಇಬ್ಬರಿಗೂ ಮುಂದುವರಿಯುವ ಶಕ್ತಿ ಉಳಿಯದೆ ರೆಫರಿ ಫಲಿತಾಂಶವಿಲ್ಲವೆಂದು ಸಾರಿದರು. ಮರುವರ್ಷ ಡಿಸೆಂಬರಿನಲ್ಲಿ ಇನ್ನೊಂದು ಪಂದ್ಯದಲ್ಲಿ ಬಿದ್ದ ಬೋವೆನ್ ಮತ್ತೆ ಏಳಲಿಲ್ಲ.

ಇದಾದ ಮೇಲೂ 'ಒಬ್ಬ ಸೋಲುವವರೆಗೆ' ಎಂಬ ಪಂದ್ಯಗಳು ನಿಲ್ಲಲಿಲ್ಲ. 1906ರಲ್ಲಿ ನೆವಾಡಾದ ಗೋಲ್ಡ್‌ಫೀಲ್ಡ್‌ನಲ್ಲಿ ಜೋ ಗ್ಯಾನ್ಸ್ ಮತ್ತು ಬ್ಯಾಟ್ಲಿಂಗ್ ನೆಲ್ಸನ್ 42ನೇ ಸುತ್ತಿನವರೆಗೆ ಕಾದಾಡಿದರು. ಸೊಂಟದ ಕೆಳಗೆ ಹೊಡೆದದ್ದಕ್ಕೆ ನೆಲ್ಸನ್ ಅನರ್ಹರಾದ್ದರಿಂದಷ್ಟೇ ಅದು ಮುಗಿಯಿತು. 1915ರಲ್ಲಿ ಹವಾನಾದಲ್ಲಿ ಜ್ಯಾಕ್ ಜಾನ್ಸನ್ ಪಟ್ಟ ಕಳೆದುಕೊಂಡದ್ದು 26ನೇ ಸುತ್ತಿನಲ್ಲಿ, ಪಂದ್ಯಕ್ಕೆ ನಿಗದಿಯಾಗಿದ್ದದ್ದು 45 ಸುತ್ತು.

ಮಿತಿ ಹಾಕಿದ್ದು ಕಾನೂನು, ಅದೂ ಊರಿಗೊಂದು ಬಗೆಯಲ್ಲಿ. ನ್ಯೂಯಾರ್ಕಿನ 1911ರ ಫ್ರಾಲಿ ಕಾಯ್ದೆ 10 ಸುತ್ತಿಗೆ ಒಪ್ಪಿತು, ಆದರೆ ಅಂಕಗಳ ಮೇಲೆ ಗೆದ್ದವರನ್ನು ಘೋಷಿಸಲು ಬಿಡಲಿಲ್ಲ. ನಾಕೌಟ್ ಆಗದಿದ್ದರೆ ಗೆದ್ದವರು ಯಾರೆಂದು ಮರುದಿನದ ಪತ್ರಿಕೆ ನೋಡಿ ತಿಳಿಯಬೇಕಿತ್ತು, ಜೂಜುಕೋರರು ಬಾಜಿ ತೀರಿಸುತ್ತಿದ್ದದ್ದೂ ಪತ್ರಕರ್ತರ ಅಭಿಪ್ರಾಯದ ಮೇಲೆಯೇ. ಕ್ಯಾಲಿಫೋರ್ನಿಯಾ 1914ರಿಂದ ಹತ್ತು ವರ್ಷ ನಾಲ್ಕೇ ಸುತ್ತಿಗೆ ಕಟ್ಟುಹಾಕಿತ್ತು. ಲಂಡನ್ನಿನ ನ್ಯಾಷನಲ್ ಸ್ಪೋರ್ಟಿಂಗ್ ಕ್ಲಬ್‌ನಲ್ಲಿ ಪಟ್ಟದ ಪಂದ್ಯಕ್ಕೆ 20 ಸುತ್ತು. 1920ರಲ್ಲಿ ನ್ಯೂಯಾರ್ಕಿನ ವಾಕರ್ ಕಾಯ್ದೆ ಗರಿಷ್ಠ 15 ಸುತ್ತು ಎಂದು ವಿಧಿಸಿ, ತೀರ್ಪುಗಾರರ ನಿರ್ಣಯಕ್ಕೂ ಅವಕಾಶ ಕೊಟ್ಟಿತು. ದೊಡ್ಡ ಹಣದ ಪಂದ್ಯಗಳು ನ್ಯೂಯಾರ್ಕಿನಲ್ಲೇ ನಡೆಯುತ್ತಿದ್ದದ್ದರಿಂದ ಅಲ್ಲಿನ ಕಾನೂನೇ ಕ್ರಮೇಣ ಉಳಿದೆಡೆಯೂ ರೂಢಿಯಾಯಿತು. 15ರ ಹಿಂದೆ ವೈದ್ಯಕೀಯ ಲೆಕ್ಕ ಯಾವುದೂ ಇರಲಿಲ್ಲ ಎಂಬುದನ್ನು ನೆನಪಿಡಬೇಕು.

ರೂಢಿ ಬೇರೂರಿದ ಮೇಲೆ ಬಾಕ್ಸರುಗಳು ಅದಕ್ಕೆ ತಕ್ಕ ಹಾಗೆ ಆಡುವುದನ್ನು ಕಲಿತರು. ಮೊದಲ ಐದು ಸುತ್ತಿನಲ್ಲಿ ಎದುರಾಳಿಯ ಪಕ್ಕೆ, ಹೊಟ್ಟೆಗೆ ಹೊಡೆದು ಉಸಿರು ಕುಂದಿಸುವುದು, ಅದರ ಫಲವನ್ನು ಕೊನೆಯ ಐದರಲ್ಲಿ ಕೊಯ್ಯುವುದು. 1952ರಲ್ಲಿ ರಾಕಿ ಮಾರ್ಸಿಯಾನೊ ಮೂವರ ಚೀಟಿಯಲ್ಲೂ ಹಿಂದಿದ್ದು 13ನೇ ಸುತ್ತಿನಲ್ಲಿ ಜೆರ್ಸಿ ಜೋ ವಾಲ್ಕಾಟ್ ಅವರನ್ನು ಕೆಡವಿದರು. 1981ರಲ್ಲಿ ಶುಗರ್ ರೇ ಲೆನಾರ್ಡ್ ಕೂಡ ಮೂರೂ ಚೀಟಿಗಳಲ್ಲಿ ಹಿಂದಿದ್ದೇ 14ನೇ ಸುತ್ತಿನಲ್ಲಿ ಥಾಮಸ್ ಹರ್ನ್ಸ್ ಅವರನ್ನು ನಿಲ್ಲಿಸಿದರು. 12 ಸುತ್ತಿನ ಪಂದ್ಯದಲ್ಲಿ ಈ ಇಬ್ಬರೂ ಸೋಲುತ್ತಿದ್ದರು.

ಬೆಸ ಸಂಖ್ಯೆಗೆ ಇನ್ನೊಂದು ಗುಣವಿದೆ. ಸುತ್ತು ಗೆದ್ದವರಿಗೆ 10, ಸೋತವರಿಗೆ ಸಾಮಾನ್ಯವಾಗಿ 9 ಅಂಕ. ಯಾವ ಸುತ್ತೂ ಸಮವಾಗದೆ, ಯಾರೂ ಬೀಳದೆ 15 ಸುತ್ತು ನಡೆದರೆ ಒಬ್ಬರಿಗೆ ಕಡಿಮೆಯೆಂದರೂ ಎಂಟು ಸುತ್ತು ಸಿಗಲೇಬೇಕು, ಅಂಕ 143-142. 1978ರ ಜೂನ್ 9ರಂದು ಲ್ಯಾರಿ ಹೋಮ್ಸ್ ಮತ್ತು ಕೆನ್ ನಾರ್ಟನ್ ಪಂದ್ಯದ ಮೂರೂ ಚೀಟಿಗಳು ಹೀಗೇ ಬಂದವು: ಎರಡು ಹೋಮ್ಸ್‌ಗೆ, ಒಂದು ನಾರ್ಟನ್‌ಗೆ. 14 ಸುತ್ತಿನ ಕೊನೆಗೆ ಮೂವರ ಲೆಕ್ಕವೂ ಸಮವಿತ್ತು, ಹೆವಿವೇಟ್ ಪಟ್ಟ ಕೊನೆಯ ಮೂರು ನಿಮಿಷದಲ್ಲಿ ತೀರ್ಮಾನವಾಯಿತು. 12 ಸುತ್ತಾದರೆ ಆರು-ಆರು ಹಂಚಿ 114-114ರಲ್ಲಿ ನಿಲ್ಲಬಹುದು. 2017ರ ಸೆಪ್ಟೆಂಬರಿನಲ್ಲಿ ಕನೆಲೊ ಅಲ್ವರೆಜ್ ಮತ್ತು ಗೆನ್ನಡಿ ಗೊಲೊವ್‌ಕಿನ್ ಪಂದ್ಯದಲ್ಲಿ ಒಬ್ಬ ತೀರ್ಪುಗಾರರ ಚೀಟಿ ಹಾಗೇ ನಿಂತು, ಉಳಿದಿಬ್ಬರು ಒಬ್ಬೊಬ್ಬರ ಕಡೆ ವಾಲಿ, ಪಂದ್ಯ ಡ್ರಾ ಆಯಿತು. 11 ಅಥವಾ 13 ಅನ್ನದೆ 12 ಅಂದದ್ದು ಅಂಕದ ದೃಷ್ಟಿಯಿಂದ ಒಳ್ಳೆಯ ಆಯ್ಕೆಯಲ್ಲ.

ಕಿಮ್ ತೀರಿಕೊಂಡ ಬೆನ್ನಿಗೇ ಹೊಸೆ ಸುಲೈಮಾನ್ ನೇತೃತ್ವದ ವಿಶ್ವ ಬಾಕ್ಸಿಂಗ್ ಕೌನ್ಸಿಲ್ (ಡಬ್ಲ್ಯುಬಿಸಿ) 1983ರಿಂದ ತನ್ನ ಪಟ್ಟದ ಪಂದ್ಯಗಳು 12 ಸುತ್ತಿನವು ಎಂದು ಪ್ರಕಟಿಸಿತು. ಕಿಮ್ ಆಡಿದ್ದು ಅದರ ಪಟ್ಟಕ್ಕಾಗಿ ಅಲ್ಲ, ಪ್ರತಿಸ್ಪರ್ಧಿ ಸಂಸ್ಥೆ ಡಬ್ಲ್ಯುಬಿಎ ಪಟ್ಟಕ್ಕಾಗಿ. ಡಬ್ಲ್ಯುಬಿಎ 1987ರಲ್ಲಿ, ಪಟ್ಟ ಕೊಡುವ ಇನ್ನೊಂದು ಸಂಸ್ಥೆ ಐಬಿಎಫ್ 1988ರಲ್ಲಿ ಅದೇ ದಾರಿ ಹಿಡಿದವು. ಹೀಗಾಗಿ ಐದಾರು ವರ್ಷ ಎರಡೂ ಅಳತೆ ಒಟ್ಟಿಗೇ ಚಾಲ್ತಿಯಲ್ಲಿದ್ದವು, ಬಾಕ್ಸರುಗಳು ಅದನ್ನು ಚೌಕಾಸಿಗೂ ಬಳಸಿದರು. 1987ರ ಏಪ್ರಿಲಿನಲ್ಲಿ ಮಾರ್ವಿನ್ ಹ್ಯಾಗ್ಲರ್ ಎದುರು ಆಡಲು ಲೆನಾರ್ಡ್ ಪಾಳಯ ದೊಡ್ಡ ರಿಂಗ್, 10 ಔನ್ಸ್ ಗ್ಲೌಸ್ ಮತ್ತು 12 ಸುತ್ತು ಕೇಳಿ ಪಡೆಯಿತು. ಲೆನಾರ್ಡ್ ಮೂವರಲ್ಲಿ ಇಬ್ಬರ ಒಡಕು ತೀರ್ಪಿನಲ್ಲಿ ಗೆದ್ದರು. ಹ್ಯಾಗ್ಲರ್ ಮತ್ತೆಂದೂ ರಿಂಗ್‌ಗೆ ಇಳಿಯಲಿಲ್ಲ.

ನಿಜವಾದ ಕಾರಣ ಟಿ.ವಿ. ಎನ್ನುವವರೂ ಇದ್ದಾರೆ. 15 ಸುತ್ತು, 14 ಬಿಡುವು ಸೇರಿದರೆ 59 ನಿಮಿಷ, ಒಂದು ಗಂಟೆಯ ಕಾರ್ಯಕ್ರಮದಲ್ಲಿ ಬಾಕ್ಸರುಗಳ ಪರಿಚಯಕ್ಕೂ ತೀರ್ಪು ಓದುವುದಕ್ಕೂ ಜಾಗವಿಲ್ಲ. 12 ಸುತ್ತಾದರೆ 47 ನಿಮಿಷ. ವಾಹಿನಿಗಳಿಗೆ ಇದು ಅನುಕೂಲವಾದದ್ದು ಖಂಡಿತ. ಆದರೆ ಕಿಮ್ ಕುಸಿದದ್ದನ್ನು ಸಿಬಿಎಸ್ ನೇರಪ್ರಸಾರದಲ್ಲಿ ಅಮೆರಿಕದ ಮನೆಮನೆ ನೋಡಿತ್ತು. ಆ ಒತ್ತಡವಿಲ್ಲದೆ 60 ವರ್ಷದ ರೂಢಿ ಅಷ್ಟು ಬೇಗ ಅಲುಗುತ್ತಿರಲಿಲ್ಲ.

ಈಗ ಶರೀರದ ಮಾತು. ರಿಂಗ್ ಸಾವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಮೆದುಳಿನ ಹೊದಿಕೆಯಡಿಯ ರಕ್ತಸ್ರಾವ. ಮೊಣಕೈ ಮಡಿಸಿ ಪಕ್ಕದಿಂದ ಬೀಸುವ ಹುಕ್ ಪಂಚ್ ದವಡೆಗೆ ಬಿದ್ದಾಗ ತಲೆ ಗಿರ್ರನೆ ತಿರುಗುತ್ತದೆ, ಒಳಗಿನ ಮೆದುಳು ಒಂದು ಕ್ಷಣ ಹಿಂದುಳಿಯುತ್ತದೆ. ಮೆದುಳಿನ ಮೇಲ್ಮೈಯಿಂದ ಹೊದಿಕೆಗೆ ಹಾದುಹೋಗುವ ತೆಳು ರಕ್ತನಾಳಗಳು ಆಗ ಎಳೆದು ಹರಿಯುತ್ತವೆ. ತಲೆ ತಿರುಗದಂತೆ ತಡೆಯುವುದು ಕತ್ತಿನ ಸ್ನಾಯುಗಳು, ಸುತ್ತು ಉರುಳಿದಂತೆ ದಣಿಯುವುದೂ ಅವೇ. ಕೈ ಕೆಳಗಿಳಿಯುತ್ತದೆ, ಬರುವ ಏಟು ಕಂಡರೂ ತಲೆ ತಪ್ಪಿಸಲಾಗುವುದಿಲ್ಲ. ಸುತ್ತು ಕಡಿಮೆ ಮಾಡಬೇಕೆಂಬ ವಾದದ ಬಲ ಇಲ್ಲಿದೆ.

ಅದರ ಮಿತಿಯೂ ಇಲ್ಲೇ ಕಾಣುತ್ತದೆ. 1991ರಲ್ಲಿ ಲಂಡನ್ನಿನಲ್ಲಿ ಮೈಕೆಲ್ ವಾಟ್ಸನ್ ಜೀವನಪೂರ್ತಿ ಉಳಿಯುವ ಮೆದುಳಿನ ಗಾಯಕ್ಕೆ ಗುರಿಯಾದ ಪಂದ್ಯ 12 ಸುತ್ತಿನದು, ಅದು ನಿಂತದ್ದು 12ನೇ ಸುತ್ತಿನಲ್ಲಿ. 2019ರ ಜುಲೈನಲ್ಲಿ ಮ್ಯಾಕ್ಸಿಮ್ ದದಾಶೆವ್ ಅವರ ಪಂದ್ಯವನ್ನು 11ನೇ ಸುತ್ತಿನ ಬಳಿಕ ಅವರ ತರಬೇತುದಾರರೇ ನಿಲ್ಲಿಸಿದರು, ಆದರೂ ಅವರು ಉಳಿಯಲಿಲ್ಲ. ಅದೇ ಅಕ್ಟೋಬರಿನಲ್ಲಿ ಪ್ಯಾಟ್ರಿಕ್ ಡೇ ಬಿದ್ದದ್ದು 10 ಸುತ್ತಿನ ಪಂದ್ಯದಲ್ಲಿ.

ಅಪಾಯ ಗುರುತಿಸಲು ಸಿಗುವ ಸಮಯ ಬಿಡುವಿನ ಒಂದು ನಿಮಿಷ. ಅದರಲ್ಲೂ ಮೂಲೆಗೆ ನಡೆದು ಕೂರಲು ಹತ್ತು ಸೆಕೆಂಡ್ ಹೋಗುತ್ತದೆ, ಕೊನೆಯ ಹತ್ತಕ್ಕೆ ಸೀಟಿ ಊದುತ್ತಾರೆ. ಉಳಿದ ನಲವತ್ತರಲ್ಲಿ ಹಲ್ಲಿನ ಕವಚ ತೆಗೆದು ತೊಳೆಯಬೇಕು, ನೀರು ಗುಟುಕಿಸಬೇಕು, ಊದಿದ ಕಣ್ಣಿನ ಕೆಳಗೆ ಮಂಜುಗಡ್ಡೆಯಲ್ಲಿಟ್ಟ ಲೋಹದ ತುಂಡು ಒತ್ತಬೇಕು, ಸೀಳಿದ ಹುಬ್ಬಿಗೆ ಅಡ್ರಿನಲಿನ್ ಅದ್ದಿದ ಹತ್ತಿಕಡ್ಡಿ ಹಿಡಿದು ಮೇಲೆ ವ್ಯಾಸಲೀನ್ ಬಳಿಯಬೇಕು. ಈ ಗಡಿಬಿಡಿಯಲ್ಲಿ ನೋಡಬೇಕಾದ್ದು ತಪ್ಪಿಹೋಗುತ್ತದೆ. ಹುಬ್ಬಿನ ರಕ್ತ ಕಣ್ಣಿಗೆ ಹೊಡೆಯುತ್ತದೆ, ಆದರೆ ಅದರಿಂದ ಯಾರೂ ಸಾಯುವುದಿಲ್ಲ. ತಲೆನೋವು ಅನ್ನುವುದು, ಕೇಳಿದ್ದಕ್ಕೆ ತಡವಾಗಿ ಉತ್ತರಿಸುವುದು, ಎದ್ದಾಗ ಒಂದು ಕಾಲು ಎಳೆಯುವುದು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ಹಿಗ್ಗಿರುವುದು, ಇವು ಕಂಡರೆ ಅಲ್ಲಿಗೇ ಪಂದ್ಯ ಮುಗಿಸಬೇಕು. 1975ರಲ್ಲಿ ಮನಿಲಾದಲ್ಲಿ ಮುಹಮ್ಮದ್ ಅಲಿ ಎದುರು ಒಂದೇ ಸುತ್ತು ಬಾಕಿ ಇದ್ದಾಗ ತರಬೇತುದಾರ ಎಡ್ಡಿ ಫಚ್ ತಮ್ಮ ಬಾಕ್ಸರ್ ಜೋ ಫ್ರೇಜಿಯರ್ ಅವರನ್ನು ಏಳಗೊಡಲಿಲ್ಲ. ಫ್ರೇಜಿಯರ್ ಬೇಡವೆಂದರೂ ಕೇಳಲಿಲ್ಲ. 15 ಸುತ್ತಿನ ಇಡೀ ಯುಗದಲ್ಲಿ ಅದಕ್ಕಿಂತ ಸರಿಯಾದ ನಿರ್ಧಾರ ಇನ್ನೊಂದಿಲ್ಲ.

ಎಲ್ಲ ಪಂದ್ಯಗಳೂ 12 ಸುತ್ತಿನವಲ್ಲ. ಹೊಸಬರಿಗೆ ನಾಲ್ಕು, ಆಮೇಲೆ ಆರು, ಎಂಟು, ಹತ್ತು ಎಂದು ಏರುತ್ತದೆ. ನಮ್ಮ ವಿಜೇಂದರ್ ಸಿಂಗ್ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಾಗ ಪಂದ್ಯವೆಂದರೆ ಎರಡು ನಿಮಿಷದ ನಾಲ್ಕು ಸುತ್ತು, ಒಟ್ಟು ಎಂಟು ನಿಮಿಷ. 2015ರ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಅವರು ಆಡಿದ ಮೊದಲ ವೃತ್ತಿಪರ ಪಂದ್ಯವೂ ನಾಲ್ಕೇ ಸುತ್ತಿನದು, ಆದರೆ ಮೂರು ನಿಮಿಷದ್ದು. ಮೊದಲ ಆರು ಪಂದ್ಯಗಳನ್ನೂ ಅವರು ಅವಧಿಗೆ ಮೊದಲೇ ಮುಗಿಸಿದರು. 2016ರ ಜುಲೈನಲ್ಲಿ ದೆಹಲಿಯಲ್ಲಿ ಕೆರಿ ಹೋಪ್ ಎದುರು ಮಾತ್ರ ಹತ್ತೂ ಸುತ್ತು, ಪೂರ್ತಿ 30 ನಿಮಿಷ ಆಡಬೇಕಾಯಿತು.

ಮಹಿಳೆಯರ ಪಟ್ಟದ ಪಂದ್ಯಗಳಿಗೆ ಇಂದಿಗೂ ಎರಡು ನಿಮಿಷದ ಹತ್ತು ಸುತ್ತೇ ರೂಢಿ. ಪುರುಷರಿಗೆ 36 ನಿಮಿಷ, ಇವರಿಗೆ 20. 2023ರ ಅಕ್ಟೋಬರಿನಲ್ಲಿ ಅಮಾಂಡಾ ಸೆರಾನೊ ಅವರು ಡನಿಲಾ ರಾಮೋಸ್ ಎದುರು ಮೂರು ನಿಮಿಷದ 12 ಸುತ್ತು ಆಡಿ ಗೆದ್ದರು. ಮಹಿಳೆಯರ ತಲೆಗೆ ಅಪಾಯ ಹೆಚ್ಚು ಎಂದು ಡಬ್ಲ್ಯುಬಿಸಿ ಇದಕ್ಕೆ ಮಾನ್ಯತೆ ಕೊಡಲಿಲ್ಲ, ಸೆರಾನೊ ಅದರ ಪಟ್ಟವನ್ನೇ ಬಿಟ್ಟುಕೊಟ್ಟರು. ಬೇಕೆಂದು ಇಬ್ಬರೂ ಒಪ್ಪಿದಾಗ, ಪರೀಕ್ಷೆಗಳಲ್ಲಿ ಇಬ್ಬರೂ ಪಾಸಾದಾಗ, ತಡೆಯುವುದು ಸರಿಯೆನಿಸುವುದಿಲ್ಲ. ಎರಡು ನಿಮಿಷದಲ್ಲಿ ಎದುರಾಳಿಯನ್ನು ದಣಿಸಿ ಮುಗಿಸುವುದು ಕಷ್ಟ, ಆಮೇಲೆ ಮಹಿಳೆಯರ ಪಂದ್ಯದಲ್ಲಿ ನಾಕೌಟ್ ಇಲ್ಲವೆಂದು ಹಣವನ್ನೂ ಕಡಿಮೆ ಕೊಡುತ್ತಾರೆ.

ಈಚಿನ ತಿರುವು ಜಪಾನಿನದು. 2025ರ ಆಗಸ್ಟ್ 2ರಂದು ಟೋಕಿಯೊದ ಕೊರಾಕುಯೆನ್ ಹಾಲ್‌ನಲ್ಲಿ ಒಂದೇ ಸಂಜೆ ಆಡಿದ ಇಬ್ಬರು, ಶಿಗೆತೋಶಿ ಕೊತಾರಿ ಮತ್ತು ಹಿರೊಮಾಸಾ ಉರಕಾವಾ, ಮೆದುಳಿನ ಶಸ್ತ್ರಚಿಕಿತ್ಸೆಯ ನಂತರ ವಾರದೊಳಗೆ ತೀರಿಕೊಂಡರು. ಜಪಾನ್ ಬಾಕ್ಸಿಂಗ್ ಆಯೋಗ ಪೌರ್ವಾತ್ಯ-ಪೆಸಿಫಿಕ್ ಒಕ್ಕೂಟದ ಪಟ್ಟದ ಪಂದ್ಯಗಳನ್ನು 12ರಿಂದ 10 ಸುತ್ತಿಗೆ ಇಳಿಸಿತು. ಕೊತಾರಿ 12 ಸುತ್ತೂ ಆಡಿ ಡ್ರಾ ಮಾಡಿಕೊಂಡಿದ್ದರು, ಅಂಥವರಿಗೆ ಈ ನಿಯಮ ನೆರವಾದೀತು. ಉರಕಾವಾ ನಾಕೌಟ್ ಆದದ್ದು ಎಂಟನೇ ಸುತ್ತಿನಲ್ಲಿ.

ಆ ಸಾವುಗಳ ಬಳಿಕ ಜಪಾನಿನಲ್ಲಿ, ಕಡಿಮೆ ತೂಕದ ವರ್ಗಕ್ಕೆ ಹೊಂದಲು ಮೈನೀರು ಬಸಿದು ತೂಕ ಇಳಿಸುವ ಪದ್ಧತಿಯತ್ತಲೂ ಗಮನ ಹರಿಯಿತು. ಸುತ್ತಿನ ಸಂಖ್ಯೆಗಿಂತ ಇದೇ ಮುಖ್ಯ ಎನ್ನಬೇಕು. 1980ರ ದಶಕದವರೆಗೆ ತೂಕ ಹಾಕುತ್ತಿದ್ದದ್ದು ಪಂದ್ಯದ ದಿನ, ಆಮೇಲೆ ಅದು ಹಿಂದಿನ ದಿನಕ್ಕೆ ಸರಿಯಿತು. ದೇಹ ನೀರು ತುಂಬಿಕೊಳ್ಳಲಿ ಎಂಬುದು ಉದ್ದೇಶ. ಆದದ್ದು ಬೇರೆ: ಒಂದು ದಿನ ಸಿಗುತ್ತದೆಂದು ಬಾಕ್ಸರುಗಳು ಇನ್ನಷ್ಟು ಕಿಲೋ ನೀರು ಬಸಿಯತೊಡಗಿದರು. ತಕ್ಕಡಿಯಲ್ಲಿ ತೂಕ ಬೇಗ ಮರಳುತ್ತದೆ, ಮೆದುಳಿನ ಸುತ್ತಲಿನ ದ್ರವ ಅಷ್ಟೇ ಬೇಗ ಮರಳುವುದಿಲ್ಲ ಎಂಬುದು ವೈದ್ಯರ ಆತಂಕ. ಬಿಗಿಯಾಗಿ ಎಳೆದ ರಕ್ತನಾಳಗಳೊಂದಿಗೆ ರಿಂಗ್ ಹತ್ತಿದವರಿಗೆ ಎರಡನೇ ಸುತ್ತೂ ಒಂದೇ, ಹನ್ನೆರಡನೆಯದೂ ಒಂದೇ. ತೂಕ ಹಾಕಿದ ಮೇಲೆ ಎಷ್ಟು ಕಿಲೋ ಏರಬಹುದೆಂದು ಮಿತಿ ಹಾಕಿ, ಪಂದ್ಯದ ಬೆಳಿಗ್ಗೆ ಮತ್ತೆ ತೂಗಿ, ಮೀರಿದವರ ಪಂದ್ಯ ರದ್ದು ಮಾಡಬೇಕು. ಟಿಕೆಟ್ ಮಾರಿ ಮುಗಿದ ಮೇಲೆ ಹಾಗೆ ರದ್ದು ಮಾಡುವುದಕ್ಕಿಂತ ಎರಡು ಸುತ್ತು ಕಡಿತಗೊಳಿಸುವುದು ಆಯೋಜಕರಿಗೂ ಆಯೋಗಗಳಿಗೂ ಸುಲಭ.