ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನ: ಕೋಟೆ ಗೆದ್ದವರನ್ನು ಜ್ವರ ಸೋಲಿಸಿದ ಕಥೆ

ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಿಂದ ಕೂಗಳತೆ ದೂರದಲ್ಲಿ, ಶ್ರೀರಂಗಪಟ್ಟಣದ ಕಾವೇರಿ ದಡದ ಮೇಲೆ, ಮುನ್ನೂರರಷ್ಟು ಗೋರಿಗಳಿರುವ ಒಂದು ಸ್ಮಶಾನವಿದೆ. ಗ್ಯಾರಿಸನ್ ಎಂದರೆ ಕೋಟೆಯ ಕಾವಲು ಪಡೆ. ರಂಗನಾಥನ ಗುಡಿ, ದರಿಯಾ ದೌಲತ್, ಗುಂಬಜ್, ಸಂಗಮ ಎಲ್ಲವನ್ನೂ ಸುತ್ತಿದವರು ಕೂಡ ಇಲ್ಲಿಗೆ ಬರುವುದು ಅಪರೂಪ. ಬಂದವರಲ್ಲಿ ಹೆಚ್ಚಿನವರು, 1799ರ ಮೇ 4ರಂದು ಕೋಟೆಗೆ ನುಗ್ಗಿ ಮಡಿದ ಇಂಗ್ಲಿಷರೇ ಇಲ್ಲಿ ಮಲಗಿದ್ದಾರೆ ಎಂದುಕೊಂಡು ಒಂದು ಫೋಟೊ ತೆಗೆದು ಹೊರಡುತ್ತಾರೆ. ಇನ್ನೊಂದು ಅರ್ಧ ಗಂಟೆ ನಿಂತು ಕಲ್ಲಿನ ಮೇಲಿನ ಇಸವಿಗಳನ್ನು ಓದಬೇಕು. ಈ ಸ್ಮಶಾನ ಶುರುವಾದದ್ದೇ 1800ರ ಸುಮಾರಿಗೆ, ಅಂದರೆ ಯುದ್ಧ ಮುಗಿದು, ಟಿಪ್ಪು ತೀರಿಕೊಂಡು, ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಿ, ರಾಜಧಾನಿ ಮೈಸೂರಿಗೆ ಹೋದ ಮೇಲೆ. ಇಲ್ಲಿರುವ ಬಹುಪಾಲು ಜನ ಗೆದ್ದ ಊರಿನಲ್ಲಿ ಬದುಕಲು ಬಂದು ಸತ್ತವರು. ಅವರಲ್ಲಿ ಹೆಂಗಸರಿದ್ದಾರೆ, ಮಕ್ಕಳಿದ್ದಾರೆ. ಎಲ್ಲರೂ ಇಂಗ್ಲಿಷರೂ ಅಲ್ಲ, ಸ್ವಿಟ್ಜರ್‌ಲೆಂಡಿನ ಸಿಪಾಯಿಗಳೂ ಇದ್ದಾರೆ.

ಆ ಸಿಪಾಯಿಗಳು ಕಾವೇರಿ ದಡಕ್ಕೆ ಬಂದ ದಾರಿ ಉದ್ದವಾದದ್ದು. ಇಂದಿನ ಸ್ವಿಟ್ಜರ್‌ಲೆಂಡಿನ ನ್ಯೂಶಾತೆಲ್ ಪ್ರದೇಶದ ಚಾರ್ಲ್ಸ್ ಡೇನಿಯಲ್ ಡಿ ಮ್ಯೂರಾನ್ ಎಂಬಾತ 1781ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ ಒಂದು ಬಾಡಿಗೆ ಪಡೆ ಕಟ್ಟಿದ. ಸಂಬಳ ಕೊಟ್ಟವರ ಪರವಾಗಿ ಕಾದುವುದೇ ಆ ಪಡೆಯ ಕಸುಬು. ಮೊದಲು ಆಫ್ರಿಕದ ಕೇಪ್, ಆಮೇಲೆ ಸಿಲೋನ್. ಯುರೋಪಿನಲ್ಲಿ ಹಾಲೆಂಡ್ ಫ್ರೆಂಚರ ಕೈಗೆ ಹೋದಾಗ, 1795ರಲ್ಲಿ, ಮ್ಯೂರಾನ್ ತನ್ನ ಪಡೆಯನ್ನು ಬ್ರಿಟಿಷರಿಗೆ ಒಪ್ಪಿಸಿದ. ನಾಲ್ಕು ವರ್ಷದ ನಂತರ ಅದೇ ಸಿಪಾಯಿಗಳು ಜನರಲ್ ಹ್ಯಾರಿಸ್‌ನ ಸೈನ್ಯದ ಜೊತೆ ಶ್ರೀರಂಗಪಟ್ಟಣದ ಎದುರು ಬಂದು ನಿಂತರು. ಟಿಪ್ಪುವಿನ ಮೇಲೆ ಅವರಿಗೆ ಹಗೆ ಇರಲು ಕಾರಣವೇ ಇರಲಿಲ್ಲ. ಕೋಟೆ ಬಿದ್ದ ಮೇಲೆ ಆ ಪಡೆ ಕೋಟೆಯ ಕಾವಲು ಪಡೆಯ ಭಾಗವಾಯಿತು, ಅದರ ಅಧಿಕಾರಿಗಳೂ ಅವರ ಮನೆಯವರೂ ಇಲ್ಲೇ ಮಣ್ಣಾದರು. ಉಳಿದವರು 1806ರಲ್ಲಿ ಭಾರತ ಬಿಟ್ಟರು, 1813ರಲ್ಲಿ ಕೆನಡಾಕ್ಕೆ ಹೋದರು. 1816ರಲ್ಲಿ ಪಡೆ ವಿಸರ್ಜನೆಯಾದಾಗ ಅದರ ಕೆಲವರು ಇಂದಿನ ವಿನಿಪೆಗ್ ಊರಿರುವ ರೆಡ್ ರಿವರ್ ದಂಡೆಗೆ ಹೋಗಿ ನೆಲೆ ನಿಂತರು. ಒಂದೇ ಪಡೆಯ ಒಂದು ತುದಿ ಕಾವೇರಿ ದಡದಲ್ಲಿ, ಇನ್ನೊಂದು ತುದಿ ಹಿಮ ಬೀಳುವ ಹೊಳೆಯ ದಡದಲ್ಲಿ.

ಆದರೆ ಇಷ್ಟೊಂದು ಗೋರಿ ಏಕೆ? ಉತ್ತರ ಚಳಿಜ್ವರ. 1799ರ ಒಪ್ಪಂದದಲ್ಲಿ ಮೈಸೂರು ಒಡೆಯರಿಗೆ ಮರಳಿದರೂ ಪಟ್ಟಣದ ದ್ವೀಪವನ್ನು ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ ತನ್ನ ಬಳಿಯೇ ಇಟ್ಟುಕೊಂಡಿತು. ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು, ಇಲ್ಲಿಯ ಅಧಿಪತಿಯಾದ. ಫಿರಂಗಿಗಳಿಗೆ ಗಾಡಿ ಮಾಡುವ ಕಾರ್ಖಾನೆ ಬಂತು. ಸುತ್ತ ಹೊಳೆ, ಕೋಟೆಯ ಕಂದಕ, ನಾಲೆ, ಭತ್ತದ ಗದ್ದೆ. ಯುದ್ಧದಲ್ಲಿ ಪಾಳುಬಿದ್ದ ಬೀದಿಗಳಲ್ಲಿ ನಿಂತ ನೀರು. ಕೊಳೆತ ಸೊಪ್ಪುಸದೆಯಿಂದ ಏಳುವ ಕೆಟ್ಟ ಗಾಳಿಯಿಂದಲೇ ಜ್ವರ ಬರುತ್ತದೆಂದು ಆ ಕಾಲದ ವೈದ್ಯರು ನಂಬಿದ್ದರು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ಅಷ್ಟು ಹೊತ್ತಿಗೆ ಈ ಸ್ಮಶಾನದಲ್ಲಿ ಹೂಳುವುದು ನಿಂತು ದಶಕಗಳೇ ಆಗಿದ್ದವು.

ಸತ್ತವರು ಬಿಳಿಯ ದೊರೆಗಳು ಮಾತ್ರ ಅಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು ಕಂಪನಿಗಾಗಿ ಈ ನಾಡಿನ ಸಮೀಕ್ಷೆ ಮಾಡಲು 1800ರಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಅಂದಾಜು ಮಾಡಿದ್ದ. ಅವನು ಬಂದಾಗ ಉಳಿದವರು ಸುಮಾರು 32,000. ಒಂದು ಶತಮಾನ ಕಳೆದು 1901ರ ಜನಗಣತಿಯ ಹೊತ್ತಿಗೆ, ಪ್ಲೇಗೂ ಸೇರಿ, ಪಟ್ಟಣದಲ್ಲಿ ಒಂಬತ್ತು ಸಾವಿರ ಜನವೂ ಇರಲಿಲ್ಲ. ರಾಜಧಾನಿ ಕೈತಪ್ಪಿದ್ದು ಇದಕ್ಕೆ ದೊಡ್ಡ ಕಾರಣ, ಜ್ವರ ಇನ್ನೊಂದು. ಆ ನೇಕಾರ, ಕಮ್ಮಾರ, ಕೂಲಿಯವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಗ್ಯಾರಿಸನ್ ಸ್ಮಶಾನದ ಇಸವಿಗಳನ್ನು ನಾನು ಅವರ ಪರವಾಗಿಯೂ ಓದುತ್ತೇನೆ. ಜ್ವರ ಎಲ್ಲರ ಮನೆಗೂ ಹೋಯಿತು, ಬರೆದಿಟ್ಟವರು ಇವರೊಬ್ಬರೇ.

ಕಡೆಗೆ ಕಂಪನಿ ಸೋಲೊಪ್ಪಿತು. 1809ರಲ್ಲಿ ಬೆಂಗಳೂರಿನ ಹಲಸೂರಿನ ಬಳಿ ದಂಡು ನೆಲೆಗೊಂಡಿತು, ಪಟ್ಟಣದ ಸೈನ್ಯ ಅತ್ತ ಸರಿಯಿತು. ಇಂದಿನ ಬೆಂಗಳೂರು ಬೆಳೆದ ಬಗೆಗೆ ಶ್ರೀರಂಗಪಟ್ಟಣದ ಸೊಳ್ಳೆಯೂ ಒಂದು ಕಾರಣವೆಂದರೆ ತಪ್ಪಾಗದು. ಹೊಳೆ ದಡದ ಸ್ಕಾಟ್ ಬಂಗಲೆಯ ದಂತಕಥೆ ಹುಟ್ಟಿದ್ದೂ ಇದೇ ನೆಲದಲ್ಲಿ: ಫಿರಂಗಿ ಗಾಡಿ ಕಾರ್ಖಾನೆಯ ಕರ್ನಲ್ ಸ್ಕಾಟ್ ಮನೆಗೆ ಮರಳಿದಾಗ ಹೆಂಡತಿ ಮಕ್ಕಳು ಕಾಲರಾಕ್ಕೆ ಬಲಿಯಾಗಿದ್ದರು, ಅವನು ಆಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ ಎನ್ನುತ್ತಾರೆ. ಹಾಗೆಯೇ ನಡೆಯಿತೆಂದು ನಾನು ಹೇಳಲಾರೆ. ಆದರೆ ಈ ಊರಿನಲ್ಲಿ ಅಂಥ ಕಥೆಯನ್ನು ನಂಬಲು ಯಾರೂ ಕಷ್ಟಪಡಬೇಕಾಗಿರಲಿಲ್ಲ.

ಯುದ್ಧದ ನೆನಪುಗಳಿಗೆ ಪೋಷಕರು ಸಿಕ್ಕರು. ಹೈದರಾಲಿಯ ಕಾಲದಲ್ಲಿ, ಇಲ್ಲಿಯ ಸೆರೆಯಲ್ಲಿ 1782ರಲ್ಲಿ ಸತ್ತ ಬ್ರಿಟಿಷ್ ಅಧಿಕಾರಿ ಕರ್ನಲ್ ಬೇಲಿಗೆ ಅವನ ಸಂಬಂಧಿ 1816ರಲ್ಲಿ ಗುಂಬಜ್ ಆವರಣದಲ್ಲೇ ಸ್ಮಾರಕ ಕಟ್ಟಿಸಿದ. ಕೋಟೆ ಒಡೆದ ಜಾಗದಲ್ಲಿ 1907ರಲ್ಲಿ ಮೈಸೂರು ಸರ್ಕಾರವೇ ಕಲ್ಲುಕಂಬ ನಿಲ್ಲಿಸಿತು. ಜ್ವರದಲ್ಲಿ ಸತ್ತವರಿಗೆ ಹಾಗೆ ಯಾರೂ ಇರಲಿಲ್ಲ. ನಡುವೆ ಬ್ರಿಟಿಷರು ತಮ್ಮ ಕೈಗೆ ತೆಗೆದುಕೊಂಡಿದ್ದ ರಾಜ್ಯ 1881ರಲ್ಲಿ ಒಡೆಯರಿಗೆ ಮರಳಿದಾಗ ಬೆಂಗಳೂರು ದಂಡಿನ ಪ್ರದೇಶವನ್ನು ಬ್ರಿಟಿಷರು ಪಡೆದು ಶ್ರೀರಂಗಪಟ್ಟಣದ ದ್ವೀಪವನ್ನು ಮೈಸೂರಿಗೆ ಬಿಟ್ಟುಕೊಟ್ಟರು. ಹೂತವರ ಸರ್ಕಾರ ಒಂದು, ನೆಲದ ಸರ್ಕಾರ ಇನ್ನೊಂದು ಎಂದಾಯಿತು. ಗಿಡಗಂಟಿ ಬೆಳೆಯಿತು. 2008ರ ಸುಮಾರಿಗೆ ಸ್ವಿಟ್ಜರ್‌ಲೆಂಡಿನಿಂದ ಬಂದ ಡಿ ಮ್ಯೂರಾನ್ ವಂಶಸ್ಥರು ಕೈಯಿಂದ ಹಣ ಹಾಕಿ ದುರಸ್ತಿ ಮಾಡಿಸಿದ್ದರಿಂದಲೇ ಇಂದು ನಾವು ಒಳಗೆ ನಡೆದಾಡಬಹುದು.

ಗೋರಿಯೊಂದರ ಹತ್ತಿರ ಕುಳಿತು ನೋಡಿದರೆ ಅಪಾಯ ಎಲ್ಲಿದೆ ಎಂದು ಗೊತ್ತಾಗುತ್ತದೆ. ಒಳಗೆ ಇಟ್ಟಿಗೆ, ಮೇಲೆ ಗಾರೆ, ನಡುವೆ ಹೆಸರು ಕೊರೆದ ಹಲಗೆಕಲ್ಲು. ಗಾರೆ ಒಡೆದ ಬಿರುಕಿನಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ಅರಳಿಯ ಸಸಿ ಹುಟ್ಟುತ್ತದೆ. ಎರಡೆಲೆ ಇರುವಾಗ ಬೆರಳಲ್ಲಿ ಕಿತ್ತರೆ ಬರುತ್ತದೆ. ಎರಡು ಮಳೆಗಾಲ ಬಿಟ್ಟರೆ ಬೇರು ಇಟ್ಟಿಗೆಯನ್ನೇ ಸೀಳುತ್ತದೆ. ಬಿರುಕಿಗೆ ಸಿಮೆಂಟು ಮೆತ್ತುವುದು ಇನ್ನೂ ಕೆಡುಕು, ಒಳಗಿನ ತೇವ ಹೊರಗೆ ಬರಲಾಗದೆ ಹಳೆಯ ಸುಣ್ಣದ ಕೆಲಸ ಪುಡಿಯಾಗುತ್ತದೆ. ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಮಳೆಗಾಲ ಮುಗಿದ ಕೂಡಲೇ ಸಸಿ ಕೀಳಲು ಒಬ್ಬ ಆಳು, ಸುಣ್ಣದ ಗಾರೆ ಬಲ್ಲ ಒಬ್ಬ ಮೇಸ್ತ್ರಿ ಸಾಕು. ಜೊತೆಗೆ, ತಾಲ್ಲೂಕಿನ ಯಾವುದಾದರೂ ಶಾಲೆಯ ಮಕ್ಕಳು ಇಳಿಬಿಸಿಲಿನಲ್ಲಿ, ಅಕ್ಷರದ ನೆರಳು ಚೆನ್ನಾಗಿ ಬೀಳುವ ಹೊತ್ತಿನಲ್ಲಿ, ಪ್ರತಿ ಕಲ್ಲಿನ ಚಿತ್ರ ತೆಗೆದು ಹೆಸರು, ವಯಸ್ಸು, ಇಸವಿಗಳನ್ನು ಕನ್ನಡದಲ್ಲಿ ಬರೆದಿಡಲಿ. ಯಾವ ವರ್ಷ ಎಷ್ಟು ಸಾವು, ಯಾವ ತಿಂಗಳಲ್ಲಿ ಹೆಚ್ಚು ಎಂದು ಸಾಲಾಗಿ ಹಾಕಿದರೆ ಪಟ್ಟಣದ ಜ್ವರದ ಲೆಕ್ಕ ಮೊದಲ ಸಲ ಈ ಊರಿನವರ ಕೈಗೇ ಸಿಗುತ್ತದೆ.