ಎಲ್ರೂ ಬಳಸ್ತೀವಿ ಅಂದಿದ್ರು, ಈಗ ಯಾರೂ ಬಳಸ್ತಿಲ್ಲ, ಯಾಕೆ?

ಪ್ರಶ್ನೆ: ಸರ್, ಅಡಿಕೆ ಬೆಳೆಗಾರರಿಗೆ ಅಂತ ಒಂದು ಆಪ್ ಮಾಡಿದ್ವಿ. ದಿನದ ರೇಟು, ಯಾವ ಮಂಡಿಲಿ ಎಷ್ಟು, ಎಲ್ಲ ತೋರ್ಸುತ್ತೆ. ಶುರು ಮಾಡೋಕ್ ಮುಂಚೆ ಸರ್ವೆನೂ ಮಾಡಿದ್ವಿ. ತೀರ್ಥಹಳ್ಳಿ, ಹೊಸನಗರ, ಸಾಗರದ ವಾಟ್ಸಾಪ್ ಗ್ರೂಪುಗಳಿಗೆ ಫಾರ್ಮ್ ಕಳ್ಸಿದ್ವಿ, ಮುಕ್ಕಾಲು ಪಾಲು ಜನ "ಖಂಡಿತ ಬಳಸ್ತೀವಿ" ಅಂತ ಟಿಕ್ ಮಾಡಿದ್ರು. ಈಗ ಹಾಕ್ಕೊಂಡೋರೂ ಎರಡನೇ ಸಲ ತೆಗೆದು ನೋಡ್ತಿಲ್ಲ. ನಮ್ಮ ಸ್ಯಾಂಪಲ್ ಕಡಿಮೆ ಆಯ್ತಾ? ಇನ್ನೂ ಎಷ್ಟು ಜನರನ್ನ ಕೇಳ್ಬೇಕಿತ್ತು?

ಉತ್ತರ: ಈ ಪ್ರಶ್ನೆ ನನ್ನ ಹತ್ರ ಬರೋದು ನಿಲ್ಲೋದೇ ಇಲ್ಲ ಅನ್ಸುತ್ತೆ. ಒಂದ್ಸಲ ಅಡಿಕೆ, ಒಂದ್ಸಲ ಕಾಳುಮೆಣಸು, ಇನ್ನೊಂದ್ಸಲ ಶಿವಮೊಗ್ಗದಲ್ಲಿ ಪಿಜಿ ಹುಡುಕೋ ಆಪು, ಸಾಮಾನು ಬೇರೆ ಆಗುತ್ತೆ, ಕೊನೇ ಸಾಲು ಮಾತ್ರ ಅದೇ, ಇನ್ನೂ ಎಷ್ಟು ಜನರನ್ನ ಕೇಳ್ಬೇಕಿತ್ತು. ಅವಸರ ಇರೋರಿಗೆ ಉತ್ತರ ಈಗ್ಲೇ ಹೇಳ್ಬಿಡ್ತೀನಿ. ಒಬ್ರನ್ನೂ ಜಾಸ್ತಿ ಕೇಳ್ಬೇಕಿರ್ಲಿಲ್ಲ. ನೀವು "ಮುಂದೆ ಬಳಸ್ತೀರಾ" ಅಂತ ಕೇಳಿದ್ರಿ, "ಹೋದ ಸಲ ಏನ್ ಮಾಡಿದ್ರಿ" ಅಂತ ಕೇಳ್ಬೇಕಿತ್ತು. ಅಷ್ಟೇ.

ಆದ್ರೆ ಇಷ್ಟು ಹೇಳಿದ್ರೆ ಯಾರೂ ಒಪ್ಪಲ್ಲ ಅಂತ ನಂಗೊತ್ತು. ತಲೆ ಆಡಿಸ್ಕೊಂಡು ಹೋಗಿ ಮುಂದಿನ ವಾರ ಇನ್ನೂ ದೊಡ್ಡ ಫಾರ್ಮ್ ಮಾಡ್ತೀರಿ. ಯಾಕಂದ್ರೆ ಜನ ಜಾಸ್ತಿ ಆದಷ್ಟೂ ಉತ್ತರ ನಿಜಕ್ಕೆ ಹತ್ರ ಬರುತ್ತೆ ಅನ್ನೋ ನಂಬಿಕೆ ಪ್ರಾಡಕ್ಟ್ ಮ್ಯಾನೇಜರ್‌ಗಳ ತಲೇಲಿ ಗಟ್ಟಿಯಾಗಿ ಕೂತಿದೆ, ಮೇಲಿನವ್ರಿಗೆ ಸ್ಲೈಡಲ್ಲಿ ತೋರ್ಸೋಕೆ ದೊಡ್ಡ ನಂಬರ್ ಇದ್ರೆ ಚಂದ ಬೇರೆ. ಇದನ್ನ ಬಿಡಿಸದೆ ಮುಂದೆ ಹೋದ್ರೆ ಪ್ರಯೋಜನ ಇಲ್ಲ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ, ಓದಿ.

1936ರಲ್ಲಿ ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ. ರೂಸ್‌ವೆಲ್ಟ್ ಒಂದು ಕಡೆ, ಲ್ಯಾಂಡನ್ ಇನ್ನೊಂದು ಕಡೆ. ಅಲ್ಲಿ ಲಿಟರರಿ ಡೈಜೆಸ್ಟ್ ಅಂತ ಒಂದು ವಾರಪತ್ರಿಕೆ ಇತ್ತು, ಹಿಂದಿನ ಚುನಾವಣೆಗಳಲ್ಲಿ ಯಾರು ಗೆಲ್ತಾರೆ ಅಂತ ಸರಿಯಾಗಿ ಹೇಳಿ ಹೆಸರು ಮಾಡಿದ್ದು. ಆ ಸಲ ಅವ್ರು ಸುಮಾರು 1 ಕೋಟಿ ಜನಕ್ಕೆ ಯಾರಿಗೆ ವೋಟು ಹಾಕ್ತೀರಿ ಅಂತ ಕೇಳಿ ಅಂಚೇಲಿ ಚೀಟಿ ಕಳ್ಸಿದ್ರು. ವಾಪಸ್ ಬಂದಿದ್ದು 20 ಲಕ್ಷಕ್ಕೂ ಮೇಲೆ. ಅಷ್ಟು ದೊಡ್ಡ ಸ್ಯಾಂಪಲ್. ಲೆಕ್ಕ ಹಾಕಿ ಲ್ಯಾಂಡನ್ ಆರಾಮಾಗಿ ಗೆಲ್ತಾರೆ ಅಂದ್ರು. ಆಗಿದ್ದೇನು? ಆಗ ಇದ್ದ 48 ರಾಜ್ಯದಲ್ಲಿ 46 ರೂಸ್‌ವೆಲ್ಟ್ ಪಾಲಾಯ್ತು, ಲ್ಯಾಂಡನ್‌ಗೆ ಸಿಕ್ಕಿದ್ದು ಬರೀ ಎರಡು. ಅದೇ ಚುನಾವಣೆಲಿ ಜಾರ್ಜ್ ಗ್ಯಾಲಪ್ ಅನ್ನೋರು ಇದರ ಒಂದು ಚೂರು ಅನ್ನೋವಷ್ಟು ಜನರನ್ನ ಮಾತ್ರ ಕೇಳಿ ರೂಸ್‌ವೆಲ್ಟ್ ಗೆಲ್ತಾರೆ ಅಂತ ಸರಿಯಾಗೇ ಹೇಳಿದ್ರು. ಡೈಜೆಸ್ಟ್ 1938ಕ್ಕೆ ನಿಂತೂ ಹೋಯ್ತು.

ಯಾಕ್ ಹೀಗಾಯ್ತು ಅಂದ್ರೆ, ಅವ್ರು ವಿಳಾಸ ತಗೊಂಡಿದ್ದು ಹೆಚ್ಚಾಗಿ ಟೆಲಿಫೋನ್ ಡೈರೆಕ್ಟರಿ, ಕಾರಿನ ನೋಂದಣಿ ಪಟ್ಟಿ, ಇಂಥವುಗಳಿಂದ. ಆಗಿನ ಆರ್ಥಿಕ ಕುಸಿತದಲ್ಲಿ ಫೋನು, ಕಾರು ಇದ್ದೋರು ಯಾರು? ಉಳ್ಳವರು. ಅದ್ರಲ್ಲೂ ಚೀಟಿ ತುಂಬಿ ವಾಪಸ್ ಹಾಕಿದ್ದು ನಾಲ್ಕೈದು ಜನರಲ್ಲಿ ಒಬ್ರು, ಏನೋ ಹೇಳ್ಲೇಬೇಕು ಅಂತ ಇದ್ದೋರು.

ಈಗ ನಿಮ್ಮ ಫಾರ್ಮ್‌ಗೆ ಬನ್ನಿ. ತೀರ್ಥಹಳ್ಳಿ ಗ್ರೂಪಲ್ಲಿ ಅದನ್ನ ತುಂಬಿದ್ದು ಯಾರು ಅಂತ ಒಂದ್ಸಲನಾದ್ರೂ ನೋಡಿದೀರಾ? ತೋಟ ಇರೋದು ಅಪ್ಪನಿಗೆ, ಫಾರ್ಮ್ ತುಂಬಿರೋದು ಬೆಂಗಳೂರಲ್ಲಿ ಕೂತಿರೋ ಮಗ. ಊರಿನ ಮೇಲೆ ಅಭಿಮಾನ, ಆಪ್ ಅಂದ್ರೆ ಖುಷಿ, ಟಿಕ್ ಮಾಡೋಕೆ ಹತ್ತು ಸೆಕೆಂಡು. ಅವ್ನು ಅಡಿಕೆ ಮಾರೋನೂ ಅಲ್ಲ, ಮಂಡಿಗೆ ಹೋಗೋನೂ ಅಲ್ಲ. ಇತ್ತ ಅಪ್ಪನ ಫೋನಿಗೆ ಸಿಗ್ನಲ್ ಸಿಗೋದು ಮನೆ ಹಿಂದಿನ ಗುಡ್ಡ ಹತ್ತಿದ್ರೆ. ಇಂಥ ಟಿಕ್ ಸಾವಿರ ಸೇರಿಸಿದ್ರೂ ಉಪ್ಪು ಹಾಕದ ಸಾರನ್ನ ದೊಡ್ಡ ಹಂಡೇಲಿ ಮಾಡಿದ ಹಾಗೆ, ಪಾತ್ರೆ ದೊಡ್ಡದಾಯ್ತು ಅಂತ ರುಚಿ ಬರಲ್ಲ.

"ಸರಿ ಸರ್, ಹಂಗಾದ್ರೆ ನಿಜವಾದ ಬೆಳೆಗಾರರನ್ನೇ ಹುಡುಕಿ ಕೇಳ್ತೀವಿ" ಅಂತೀರಿ. ಆಗ್ಲೂ ಸರಿ ಹೋಗಲ್ಲ, ಯಾಕಂದ್ರೆ ಮನುಷ್ಯ ಮುಂದೆ ಏನ್ ಮಾಡ್ತೀನಿ ಅಂತ ಹೇಳೋದಕ್ಕೂ ಆಮೇಲೆ ಮಾಡೋದಕ್ಕೂ ತಾಳೆ ಆಗೋದು ಕಷ್ಟ. ರಿಚರ್ಡ್ ಲಾಪಿಯರ್ ಅನ್ನೋ ಸಮಾಜಶಾಸ್ತ್ರಜ್ಞ 1934ರಲ್ಲಿ ಇದನ್ನೇ ಬರೆದ್ರು. ಚೀನೀಯರ ಮೇಲೆ ದ್ವೇಷ ಇದ್ದ ಕಾಲದಲ್ಲಿ ಒಂದು ಚೀನೀ ದಂಪತಿ ಜೊತೆ ಅಮೆರಿಕ ಸುತ್ತಿದ್ರು, 251 ಹೋಟೆಲು, ಊಟದ ಮನೆಗಳಿಗೆ ಹೋದ್ರು, ಬರಬೇಡಿ ಅಂದಿದ್ದು ಒಂದೇ ಒಂದು ಕಡೆ. ತಿಂಗಳುಗಳು ಬಿಟ್ಟು ಅದೇ ಜಾಗಗಳಿಗೆ "ಚೀನೀಯರು ಬಂದ್ರೆ ಸೇರಿಸ್ಕೋತೀರಾ" ಅಂತ ಕಾಗದ ಬರೆದ್ರೆ, ಉತ್ತರ ಕೊಟ್ಟೋರಲ್ಲಿ 90%ಗಿಂತ ಜಾಸ್ತಿ ಜನ ಇಲ್ಲ ಅಂದ್ರು. ಎದುರಿಗೆ ಬಂದಾಗ ರೂಮು ಕೊಟ್ಟೋರು ಕಾಗದದಲ್ಲಿ ಇಲ್ಲ ಅಂದ್ರು. ನಿಮ್ಮವ್ರು ಕಾಗದದಲ್ಲಿ ಹೌದು ಅಂದು ಕೆಲಸದಲ್ಲಿ ಇಲ್ಲ ಅಂದಿದಾರೆ, ದಿಕ್ಕು ಉಲ್ಟಾ ಅಷ್ಟೇ.

ಅದ್ರ ಮೇಲೆ ನಮ್ಮ ಮಲೆನಾಡಿನ ದಾಕ್ಷಿಣ್ಯ ಬೇರೆ. ಅಷ್ಟು ದೂರದಿಂದ ಬಸ್ ಹತ್ತಿ, ಗೇಟಿಂದ ಅರ್ಧ ಮೈಲಿ ನಡ್ಕೊಂಡು ಬಂದಿರೋ ಹುಡುಗರಿಗೆ ಕಾಫಿ ಕೊಟ್ಟು, ಕೂರ್ಸಿ, "ನಿಮ್ಮ ಐಡಿಯಾ ಪ್ರಯೋಜನ ಇಲ್ಲ" ಅಂತ ಮುಖದ ಮೇಲೆ ಹೇಳೋ ಮನೆ ನಂಗೆ ಇನ್ನೂ ಸಿಕ್ಕಿಲ್ಲ. ಒಳ್ಳೇ ಮಕ್ಕಳು, ಏನೋ ಮಾಡ್ತಿದಾರೆ, ಮಾಡ್ಲಿ ಬಿಡು ಅಂತ ಹೌದು ಅಂತಾರೆ.

ತೀರ್ಥಹಳ್ಳಿ ಕಡೆ ಒಬ್ರು ಗೌಡ್ರ ಮನೆ ಜಗಲೀಲಿ ನಡೆದ ಮಾತು ಹಾಗೇ ಹಾಕ್ತೀನಿ. ನನ್ನ ಜೊತೆ ಬಂದಿದ್ದ ಹುಡುಗ ಮೊದ್ಲು ಕೇಳಿದ್ದು ನಿಮ್ಮ ಹಾಗೇ.

"ಗೌಡ್ರೇ, ಎಲ್ಲಾ ಮಂಡಿ ರೇಟು ಫೋನಲ್ಲೇ ನೋಡೋ ಹಂಗಿದ್ರೆ ಬಳಸ್ತೀರಾ?"

"ಹೋ, ಒಳ್ಳೇದೇ ಅಲ್ವ ಮಾರಾಯ್ರೆ. ಮಾಡಿ ಮಾಡಿ."

ಮುಗೀತು. ಶೀಟಲ್ಲಿ ಒಂದು ಹೌದು. ಹುಡುಗ ಪೆನ್ನು ಮುಚ್ಚೋಕೆ ಹೋದ. ನಾನು ಮಾತು ತಗೊಂಡೆ.

"ಹೋದ ಸಲ ಅಡಿಕೆ ಯಾವಾಗ ಕೊಟ್ರಿ ಗೌಡ್ರೇ?"

"ಶಿವರಾತ್ರಿ ಹತ್ರ ಹತ್ರ. ಮಗಳ ಕಾಲೇಜ್ ಫೀಸ್ ಕಟ್ಟೋದಿತ್ತು."

"ಅವತ್ತಿನ ರೇಟು ಹೆಂಗ್ ಗೊತ್ತಾಯ್ತು?"

"ಪೇಪರಲ್ಲೇ ಬರುತ್ತಲ್ಲ. ಗ್ರೂಪಲ್ಲೂ ದಿನಾ ಹಾಕ್ತಾರೆ, ಒಂದೊಂದು ಬಗೆ ಅಡಿಕೆಗೂ, ರಾಶಿ ಎಷ್ಟು, ಬೆಟ್ಟೆ ಎಷ್ಟು ಅಂತ."

"ಬೇರೆ ಮಂಡೀಲಿ ಜಾಸ್ತಿ ಇದ್ಯಾ ಅಂತ ವಿಚಾರಿಸಿದ್ರಾ?"

"ಎಂತಕ್ಕೆ? ಮಳೆಗಾಲದಲ್ಲಿ ಕೊಳೆ ರೋಗದ ಔಷಧಿ ಹೊಡ್ಸೋಕೆ ಮಂಡಿಯಿಂದ ದುಡ್ಡು ತಂದಿರ್ತೀವಿ, ಅಡಿಕೆ ಅಲ್ಲಿಗೇ ಹೋಗ್ಬೇಕು."

"ತಂದಿದ್ದು ಎಷ್ಟು, ತೀರಿದ್ದು ಎಷ್ಟು, ಬಡ್ಡಿ ಎಷ್ಟು, ಎಲ್ಲಿ ಬರ್ದಿಟ್ಕೊಂಡಿದೀರ?"

ಗೌಡ್ರು ಸ್ವಲ್ಪ ಸುಮ್ಮನಾದ್ರು. ಆಮೇಲೆ ಎದ್ದು ಹೋಗಿ ಗೋಡೆ ಕ್ಯಾಲೆಂಡರ್ ಹಿಂದೆ ಕೈ ಹಾಕಿ ಒಂದು ಕಟ್ಟು ಚೀಟಿ ತಂದ್ರು, ರಬ್ಬರ್ ಬ್ಯಾಂಡ್ ಹಾಕಿದ್ದು. ತೂಕದ ಚೀಟಿ, ಮುಂಗಡದ ಚೀಟಿ, ಔಷಧಿ ಅಂಗಡಿ ಬಿಲ್ಲು, ಎಲ್ಲ ಒಂದ್ರೊಳಗೊಂದು. ಒಂದರ ಹಿಂದೆ ಪೆನ್ಸಿಲಲ್ಲಿ ಕೂಡಿಸಿ ಕಳೆದಿದ್ದು, ಒಂದು ಅಂಕಿ ಮೇಲೆ ಎರಡು ಸಲ ಗೀಟು ಎಳೆದಿದ್ದು. "ಇದೊಂದು ಯಾವತ್ತೂ ಅವ್ರ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ಕೂಡಲ್ಲ ನೋಡಿ" ಅಂದ್ರು.

ನೋಡಿ ಈಗ. ರೇಟು ಅವ್ರಿಗೆ ಗೊತ್ತಿರೋ ವಿಷಯ, ಪುಕ್ಕಟೆ ಸಿಗೋ ವಿಷಯ, ಗೊತ್ತಾದ್ರೂ ಮಂಡಿ ಬದಲಾಯಿಸೋ ಹಂಗಿಲ್ಲ. ಯಾವಾಗ ಮಾರ್ತಾರೆ ಅನ್ನೋದನ್ನ ನಿರ್ಧಾರ ಮಾಡಿದ್ದು ಮಗಳ ಫೀಸು, ಎಲ್ಲಿ ಮಾರ್ತಾರೆ ಅನ್ನೋದನ್ನ ನಿರ್ಧಾರ ಮಾಡಿದ್ದು ಜೂನಲ್ಲಿ ಕೊಳೆ ಔಷಧಿಗೆ ಬೇಕಾದ ಮೈಲುತುತ್ತಕ್ಕೂ, ಮರ ಹತ್ತಿ ಅದನ್ನ ಹೊಡೆಯೋ ಕೊನೆಗಾರನ ಕೂಲಿಗೂ ತಂದ ದುಡ್ಡು. ನಿಮ್ಮ ಆಪ್ ಈ ಎರಡನ್ನೂ ಮುಟ್ಟೇ ಇಲ್ಲ. ತಲೆನೋವು ಇರೋದು ಆ ಚೀಟಿ ಕಟ್ಟಲ್ಲಿ, ಅದನ್ನ ನಿಮ್ಮ ಫಾರ್ಮಲ್ಲಿ ಕೇಳೋಕೆ ಆಗ್ತಾನೇ ಇರ್ಲಿಲ್ಲ, ಯಾಕಂದ್ರೆ ಅದು ಇದೆ ಅಂತ ನಿಮಗೇ ಗೊತ್ತಿರ್ಲಿಲ್ಲ. ಹಾಗಂತ ನಾಳೆನೇ ಚೀಟಿ ಸ್ಕ್ಯಾನ್ ಮಾಡೋ ಫೀಚರ್ ಶುರು ಮಾಡ್ಬೇಡಿ ಮತ್ತೆ! ಇನ್ನೊಂದಷ್ಟು ಮನೇಲಿ ಕ್ಯಾಲೆಂಡರ್ ಹಿಂದೆ ಏನಿದೆ ನೋಡಿ ಮೊದ್ಲು. ಒಂದು ಸುಲಭದ ಪರೀಕ್ಷೆನೂ ಇದೆ, "ಹೋದ ವರ್ಷದ ಚೀಟಿ ಫೋಟೋ ತೆಗೆದು ಕಳ್ಸಿ, ಲೆಕ್ಕ ಮಾಡಿ ವಾಪಸ್ ಕೊಡ್ತೀವಿ" ಅನ್ನಿ. ಬರೀ ಹೌದು ಅನ್ನೋಕೆ ಖರ್ಚಿಲ್ಲ, ಚೀಟಿ ಹುಡುಕಿ ಫೋಟೋ ತೆಗಿಯೋಕೆ ಶ್ರಮ ಬೇಕು. ಶ್ರಮ ಪಟ್ಟೋರು ನಿಮ್ಮ ಗಿರಾಕಿ. ಕಳ್ಸಿದ್ರೆ ಕೈಯಲ್ಲೇ ಲೆಕ್ಕ ಮಾಡಿಕೊಡಿ, ಕೋಡ್ ಬರಿಯೋದು ಆಮೇಲೆ.

ಸರ್ವೆನೇ ಬೇಡ್ವಾ ಅಂತ ಕೇಳೋರಿಗೆ: ಬೇಕು, ಆದ್ರೆ ಕೊನೇಲಿ. ಸಮಸ್ಯೆ ಯಾವುದು ಅಂತ ಗೊತ್ತಾದ್ಮೇಲೆ ಅದು ಎಷ್ಟು ಜನಕ್ಕಿದೆ ಅಂತ ಎಣಿಸೋಕೆ ಸರ್ವೆ. ಇನ್ನು "5 ಜನರನ್ನ ಕೇಳಿದ್ರೆ ಸಾಕಂತಲ್ಲ" ಅನ್ನೋರು ಇನ್ನೊಂದು ಗುಂಪು. ಅದು ವೆಬ್‌ಸೈಟು ಬಳಸೋಕೆ ಸುಲಭನಾ ಅಂತ ಪರೀಕ್ಷೆ ಮಾಡೋ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಬರೆದ ಮಾತು, ಅವ್ರು ಹೇಳಿದ್ದು ಇರೋ ಸ್ಕ್ರೀನಲ್ಲಿ ಜನ ಎಲ್ಲಿ ಎಡವ್ತಾರೆ ಅಂತ ಹುಡುಕೋ ಪರೀಕ್ಷೆಗೆ. ಜನಕ್ಕೆ ಈ ಸಾಮಾನು ಬೇಕಾ ಅನ್ನೋ ಪ್ರಶ್ನೆಗೂ ಅದಕ್ಕೂ ಸಂಬಂಧ ಇಲ್ಲ. ನನ್ನನ್ನ ಕೇಳಿದ್ರೆ, ಹೊಸ ಮನೇಲಿ ಹೊಸ ವಿಷಯ ಕೇಳೋದು ನಿಂತಾಗ ನಿಲ್ಲಿಸಿ.

ಯಾರೂ ಕೇಳ್ದೇ ಇರೋ ಒಂದು ವಿಷಯ ಹೇಳ್ಬೇಕು ನಾನು, ಯಾವಾಗ ಹೋಗ್ಬೇಕು ಅಂತ. ಬೆಂಗಳೂರಿನ ಟೀಮುಗಳು ಕ್ವಾರ್ಟರ್ ಪ್ಲಾನಿಂಗ್ ಮುಗಿಸಿ ಜೂನ್ ಜುಲೈಲಿ "ಫೀಲ್ಡ್ ವಿಸಿಟ್" ಅಂತ ಬರ್ತಾರೆ. ಆಗುಂಬೆ, ಹೊಸನಗರ ಕಡೆ ಆ ಮಳೇಲಿ ಕರೆಂಟ್ ಹೋದ್ರೆ ಯಾವಾಗ ಬರುತ್ತೋ ಗೊತ್ತಿಲ್ಲ. ಬಂದಿದ್ದೇ ಆದ್ರೆ ಒಂದು ನೆನಪಿಟ್ಕೊಳ್ಳಿ, ಮಳೆ ಧೋ ಅಂತ ಸುರೀವಾಗ ಹೋಗಿ, ಹೊಳವಾದಾಗ ಹೋಗ್ಬೇಡಿ. ಬಿಸಿಲು ಕಂಡ ದಿನ ನಿಮಗೆ ಓಡಾಡೋಕೆ ಅನುಕೂಲ, ಅವ್ರಿಗೆ ಔಷಧಿ ಹೊಡ್ಸೋಕೆ ಸಿಗೋದೂ ಅದೊಂದೇ ದಿನ. ಕೊನೆಗಾರ ಸಿಕ್ಕಿರೋ ದಿನ ನಿಮ್ಮ ಇಂಟರ್‌ವ್ಯೂಗೆ ಯಾರು ಕೂರ್ತಾರೆ? ಕೊಯ್ಲಿನ ಟೈಮಲ್ಲಿ ಹೋದ್ರೆ ಅಡಿಕೆ ಸುಲಿಯೋ ಜಾಗಕ್ಕೆ ಹೋಗಿ ಕೂತ್ಕೊಳ್ಳಿ. ಮೆಟ್ಟುಕತ್ತೀಲಿ ಕೈಯಲ್ಲೇ ಸುಲಿಯೋ ಮನೆ ಆದ್ರೆ ಪುಣ್ಯ, ಮಾತು ತಾನಾಗೇ ಬರುತ್ತೆ, ಮಷಿನ್ ಹಾಕಿರೋ ಮನೇಲಿ ಆ ಸದ್ದಿಗೆ ನಿಮ್ಮ ರೆಕಾರ್ಡಿಂಗಲ್ಲಿ ಏನೂ ಕೇಳಲ್ಲ. ಮತ್ತೆ ಗೌಡ್ರನ್ನ ಮಾತ್ರ ಮಾತಾಡ್ಸಿ ಎದ್ದು ಬರ್ಬೇಡಿ. ಅಡಿಗೆಮನೆ ಬಾಗ್ಲಲ್ಲಿ ನಿಂತು "ಅಲ್ಲ, ಅದು ಹೋದ ವರ್ಷದ್ದು, ಈ ವರ್ಷದ್ದು ಇನ್ನೂ ಬಾಕಿ ಇದೆ" ಅಂತ ತಿದ್ದೋ ಅಮ್ಮನೇ ಎಷ್ಟೋ ಮನೇಲಿ ಅಸಲು ಅಕೌಂಟೆಂಟು.

ನೋಟ್ಸ್ ಅವತ್ತೇ ಬರೀರಿ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿಲೋಮೀಟರ್ ಚಿಲ್ಲರೆ, ಬಸ್ಸಲ್ಲಿ ಕಿಟಕಿ ಸೀಟು ಹಿಡಿದ್ರೆ ಮಂಡಗದ್ದೆ ಬರೋದ್ರೊಳಗೆ ಒಂದು ಮನೆ ಕಥೆ ಪೂರ್ತಿ ಫೋನಿಗೆ ಹೇಳಿ ಮುಗಿಸ್ಬಹುದು. ಅವ್ರ ಬಾಯಲ್ಲಿ ಬಂದ ವಾಕ್ಯ ಹಾಗೇ ಇರ್ಲಿ. "ಮುಂಗಡ ನಿರ್ವಹಣೆಯಲ್ಲಿ ಪಾರದರ್ಶಕತೆಯ ಕೊರತೆ" ಅಂತ ನೀವು ಬರೆದ್ರೆ ಡೆವಲಪರ್‌ಗೆ ಏನೂ ಅರ್ಥ ಆಗಲ್ಲ, "ಅವ್ರ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ಕೂಡಲ್ಲ" ಅಂತ ಬರೆದ್ರೆ ಅವ್ನೇ ನಾಲ್ಕು ಪ್ರಶ್ನೆ ಕೇಳ್ತಾನೆ. ಮಾರನೇ ದಿನ ಬೆಳಿಗ್ಗೆ ಕ್ಯಾಲೆಂಡರಲ್ಲಿ ಎರಡು ಗಂಟೆ ಮುಚ್ಚಿಟ್ಕೊಳ್ಳಿ, ಮೀಟಿಂಗ್ ಬೇಡ. ಟೈಮ್ ಎಲ್ಲಿದೆ ಸರ್ ಅಂತೀರಿ ಅಂತನೂ ಗೊತ್ತು. ಪ್ರತಿ ಸೋಮವಾರ ಆ ಆಪಿನ ಡೌನ್‌ಲೋಡ್ ನಂಬರ್ ಯಾಕೆ ಏರ್ತಿಲ್ಲ ಅಂತ ಎಲ್ರೂ ಸೇರಿ ಒಂದು ಗಂಟೆ ಮುಖ ಮುಖ ನೋಡ್ಕೊಂಡು ಕೂರ್ತೀರಲ್ಲ, ಅದನ್ನ ಕ್ಯಾನ್ಸಲ್ ಮಾಡಿ, ಅಲ್ಲಿಂದ ತಗೊಳ್ಳಿ.