ಫಿಯೆಟ್ ನೀಲಿ ಹೊಗೆ ಬಿಡುತ್ತಿದೆ: ಇಂಜಿನ್ ಬದಲಿಸಬೇಕೇ, ಬಿಚ್ಚಿ ರಿಪೇರಿ ಮಾಡಿಸಬೇಕೇ?

ಪ್ರಶ್ನೆ: ನಾವು ಡೊಂಬಿವಲಿಯವರು. ತಂದೆಯವರ 1970ರ ಫಿಯೆಟ್ 1100 ಡಿ ಈಗ ನೀಲಿ ಹೊಗೆ ಬಿಡುತ್ತಿದೆ, ಆಯಿಲ್ ಬೇಗ ಇಳಿಯುತ್ತಿದೆ. ಕುರ್ಲಾದ ಗುಜರಿಯಲ್ಲಿ ಹಳೆಯ ಇಂಜಿನ್ ಸಿಗುತ್ತದೆ, ಅದನ್ನೇ ಕೂರಿಸೋಣ ಎನ್ನುತ್ತಾರೆ ಗ್ಯಾರೇಜಿನವರು. ಒಪ್ಪಬಹುದೇ?

ಉತ್ತರ: ಅಳತೆ ತೆಗೆಸುವವರೆಗೆ ಒಪ್ಪಬೇಡಿ. ನೀಲಿ ಹೊಗೆ ಬಂತೆಂದರೆ ಆಯಿಲ್ ಉರಿಯುತ್ತಿದೆ ಎಂದಷ್ಟೇ. ಇಂಜಿನ್ ಮುಗಿಯಿತು ಎಂದಲ್ಲ. ಖಂಡಾಲ ಘಾಟಿ ಇಳಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಹೊಗೆ ಎದ್ದರೆ ವಾಲ್ವ್ ಗೈಡ್ (ವಾಲ್ವ್ ಮೇಲೆ ಕೆಳಗೆ ಆಡುವ ಕೊಳವೆ) ಸವೆದಿರುವ ಸಂಭವ ಹೆಚ್ಚು. ಇಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಿದರೆ ಮುಗಿಯುವ ಕೆಲಸ. ಏರುವಾಗ ಎಡೆಬಿಡದೆ ಬಂದರೆ ಮಾತ್ರ ಪಿಸ್ಟನ್ನಿನ ಸುತ್ತಲಿನ ರಿಂಗ್, ಸಿಲಿಂಡರ್‌ಗಳ ಮೇಲೆ ಅನುಮಾನ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆಸಿ. ಒತ್ತಡ ಕಡಿಮೆಯಿದ್ದ ಸಿಲಿಂಡರಿಗೆ ಪ್ಲಗ್ ರಂಧ್ರದಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಅಂಕಿ ಏರಿದರೆ ಸವೆತ ರಿಂಗಿನಲ್ಲಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ನೋಡಬೇಕು. ಮಳೆಗಾಲವಿಡೀ ಕಾರು ನಿಂತೇ ಇದ್ದರೆ ರಿಂಗ್‌ಗಳು ತುಕ್ಕಿಗೆ ಅಂಟಿಕೊಂಡಿರಲೂಬಹುದು.

ರಿಂಗ್, ಬೋರ್ (ಸಿಲಿಂಡರಿನ ಒಳರಂಧ್ರ) ಸವೆದಿದ್ದರೂ ಹೆದರಬೇಕಿಲ್ಲ. ಇದು 1089 ಸಿಸಿಯ ಎರಕದ ಕಬ್ಬಿಣದ ಬ್ಲಾಕ್, ಅಂದರೆ ಸಿಲಿಂಡರುಗಳಿರುವ ಇಂಜಿನ್ನಿನ ಒಡಲು. 68 ಮಿ.ಮೀ. ಬೋರನ್ನು ತುಸು ದೊಡ್ಡದು ಮಾಡಿ ಓವರ್‌ಸೈಜ್ ಪಿಸ್ಟನ್ ಹಾಕಬಹುದು. ಆ ಮಿತಿ ಮುಗಿದರೆ ಸ್ಲೀವ್ (ಸಿಲಿಂಡರಿನೊಳಗೆ ತೂರಿಸುವ ಲೋಹದ ಕೊಳವೆ) ಕೂರಿಸಿ ಮತ್ತೆ ಮೊದಲಿನ ಅಳತೆಗೆ ತರಬಹುದು. ಪಿಸ್ಟನ್ನುಗಳು ತಿರುಗಿಸುವ ದಂಡವಾದ ಕ್ರ್ಯಾಂಕ್ ಸವೆದಿದ್ದರೆ ಗ್ರೈಂಡ್ ಮಾಡಿಸಿ ಅದಕ್ಕೆ ತಕ್ಕ ಬೇರಿಂಗ್ ಹಾಕುತ್ತಾರೆ. ಮುಂದೆ ಪ್ರೀಮಿಯರ್ ಪದ್ಮಿನಿ ಎನಿಸಿಕೊಂಡದ್ದೂ ಇದೇ ಕಾರು. ಅದರ ಕೊನೆಯ ಟ್ಯಾಕ್ಸಿ ಮುಂಬೈಯ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರಿನಲ್ಲಿ. ಈ ಇಂಜಿನ್ನನ್ನು ಬಿಚ್ಚಿ ಕಟ್ಟಿದ ಕೈಗಳು ಈ ಊರಿನಲ್ಲಿ ಇನ್ನೂ ಇವೆ, ಅಂಥವರನ್ನು ಹುಡುಕಿ.

ಗುಜರಿಯ ಇಂಜಿನ್ ಎಷ್ಟು ಓಡಿದೆ ಎಂದು ಮಾರುವವನಿಗೂ ತಿಳಿದಿರುವುದಿಲ್ಲ. ಅದನ್ನೂ ಬಿಚ್ಚಿಯೇ ನೋಡಬೇಕು, ಅಂದರೆ ಎರಡು ಖರ್ಚು. ಬೇರೆ ಕಂಪನಿಯ ಹೆಚ್ಚು ಶಕ್ತಿಯ ಇಂಜಿನ್ ಅಂತೂ ಖಂಡಿತ ಬೇಡ. ನಿಮ್ಮ ಕಾರಿನ ನಾಲ್ಕೂ ಚಕ್ರಗಳಿಗಿರುವುದು ಡ್ರಮ್ ಬ್ರೇಕ್, ಹೆಚ್ಚಿದ ವೇಗವನ್ನು ತಡೆಯಲು ಅದು ಸಾಲದು. ಕಾನೂನನ್ನೂ ನೋಡಿ: ಆರ್‌ಸಿಯಲ್ಲಿ ಇಂಜಿನ್ ಸಂಖ್ಯೆ ನಮೂದಾಗಿರುತ್ತದೆ, ಬದಲಿಸಿದರೆ ಆರ್‌ಟಿಒ ಕಚೇರಿಗೂ ವಿಮಾ ಕಂಪನಿಗೂ ತಿಳಿಸಲೇಬೇಕು. 2021ರ ನಿಯಮದಂತೆ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ಆದರೆ ಅದು ಮೂಲ ರೂಪದಲ್ಲಿರಬೇಕು, ಇಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ನಿಮ್ಮ ಕಾರಿಗೆ ಆ ವಯಸ್ಸಾಗಿದೆ.

ಬ್ಲಾಕ್ ರಿಪೇರಿಯಾಗದಂತೆ ಬಿರುಕು ಬಿಟ್ಟಿದ್ದರೆ, ಇಲ್ಲವೇ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಮುರಿದು ಅದನ್ನು ಒಡೆದುಕೊಂಡು ಬಂದಿದ್ದರೆ ಮಾತ್ರ ಇನ್ನೊಂದನ್ನು ತರಬೇಕು. ಆಗಲೂ ಅದೇ ಮಾದರಿಯದನ್ನೇ ತನ್ನಿ, ಹಳೆಯ ಬ್ಲಾಕನ್ನು ಗುಜರಿಗೆ ಹಾಕಬೇಡಿ.

ಬ್ಲಾಕ್ ಲೇತ್ ಅಂಗಡಿಗೆ ಹೋಗುವ ದಿನ ನೀವೂ ಜೊತೆಗೆ ಹೋಗಿ. ಪ್ರತಿ ಸಿಲಿಂಡರಿನ ಮೇಲೆ, ನಡುವೆ, ಕೆಳಗೆ ತೆಗೆದ ಅಳತೆಗಳನ್ನು ಬರೆಸಿಕೊಳ್ಳಿ. ಪಿಸ್ಟನ್ ಸೆಟ್ ಕೈಗೆ ಬಂದ ನಂತರವೇ, ಆ ಪಿಸ್ಟನ್ನುಗಳ ಅಳತೆಗೆ ತಕ್ಕಂತೆ, ಬೋರ್ ಮಾಡಿಸಿ.